ಪಣವಿಲ್ಲದ ನೋಟ

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಬೈಗುಳಾಗಿಯೇ ಬಳಸುತ್ತೇವೆ. ಆದರೆ ಊರೆಲ್ಲ ಒಂದೇ ಕಡೆಗೆ ಕಣ್ಣು ನೆಟ್ಟಿರುವಾಗ ಒಬ್ಬಿಬ್ಬರಾದರೂ ಬೇರೊಂದು ಕಡೆಗೆ ನೋಡುತ್ತಿರುವುದು ಲೋಕಕ್ಕೆ ಹಿತವೇ ಹೊರತು ಹಾನಿಯಲ್ಲವೆಂದು ನನಗೆ ತೋರುತ್ತದೆ. ಹಾಗೆ ತೋರಲು ಕಾರಣವಾದದ್ದು ಇಂಗ್ಲೆಂಡಿನ ಒಂದು ಕುದುರೆ ರೇಸಿನ ಉತ್ಸವ. ಅದರಲ್ಲಿಯೂ, ಆ ಉತ್ಸವಕ್ಕೆ ವರ್ಷವರ್ಷವೂ ತಪ್ಪದೆ ಹೋಗಿ ಒಂದೇ ಒಂದು ಕುದುರೆಯನ್ನೂ ನೋಡದೆ ಸಂತೋಷದಿಂದ ಮನೆಗೆ ಮರಳುವ ಕೆಲವು ಮಂದಿ.

ಉತ್ಸವ ನಡೆಯುವುದು ಗ್ಲಾಸ್ಟರ್‌ಷೈರಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ, ಮಾರ್ಚ್ ತಿಂಗಳ ನಡುವಣ ವಾರದಲ್ಲಿ. ಊರಿನ ಅಂಚಿಗೆ ಪ್ರೆಸ್ಟ್‌ಬರಿ ಎಂಬ ಹಳ್ಳಿ. ಅದರ ಬದಿಗೆ ವಿಶಾಲವಾದ ಹಸಿರು ಬಯಲು. ಬಯಲಿನ ಹಿಂದೆ ಕಾಟ್ಸ್‌ವೋಲ್ಡ್ ಬೆಟ್ಟಸಾಲಿನಲ್ಲೆಲ್ಲ ಎತ್ತರವಾದ ಕ್ಲೀವ್ ಗುಡ್ಡ. 2005ರಿಂದ ಇದು ನಾಲ್ಕು ದಿನಗಳ ಉತ್ಸವವಾಗಿದೆ. ನಮ್ಮ ಬೆಂಗಳೂರು, ಮೈಸೂರುಗಳ ರೇಸಿನಲ್ಲಿ ಕುದುರೆ ಅಡ್ಡಿಯಿಲ್ಲದ ಬಯಲಿನಲ್ಲಿ ಓಡುತ್ತದೆ. ಇಲ್ಲಿ ಹಾಗಲ್ಲ, ಬೇಲಿಗಳನ್ನು ಹಾರಿ ಹಾರಿ ಓಡಬೇಕು. ಶುಕ್ರವಾರದ ಗೋಲ್ಡ್ ಕಪ್ ಪಂದ್ಯದಲ್ಲಿ ಮೂರೂಕಾಲು ಮೈಲಿಗೂ ಮಿಕ್ಕ ದೂರ, 22 ಬೇಲಿಗಳು, ಎಲ್ಲಕ್ಕೂ ಕಡೆಗೆ ಎದೆ ಒಡೆಸುವಂಥ ಒಂದು ಏರು. 1932ರಿಂದ 1936ರವರೆಗೆ ಸತತವಾಗಿ ಐದು ಸಲ ಗೆದ್ದ ಗೋಲ್ಡನ್ ಮಿಲ್ಲರ್, 1964ರಿಂದ ಮೂರು ಸಲ ಗೆದ್ದ ಆರ್ಕಲ್ ಎಂಬ ಕುದುರೆಗಳ ಹೆಸರನ್ನು ಅಲ್ಲಿಯವರು ನಾವು ಹಳೆಯ ಗಾಯಕರ ಹೆಸರನ್ನು ಹೇಳುವಂತೆ ಹೇಳುತ್ತಾರೆ.

2019ರ ಮಾರ್ಚಿನಲ್ಲಿ ನಾನು ಆ ಸೀಮೆಯಲ್ಲಿದ್ದ ಮಗಳ ಮನೆಯಲ್ಲಿದ್ದೆ. ನೆರೆಮನೆಯವರು ಎಂಬತ್ತರ ಹತ್ತಿರದ ಹಿರಿಯರು. ಗೋಲ್ಡ್ ಕಪ್ಪಿನ ಹಿಂದಿನ ಸಂಜೆ ಅವರು ಬೇಲಿಯ ಆಚೆಯಿಂದ, “ನಾಳೆ ನನ್ನೊಡನೆ ಬರುವುದಾದರೆ ಬನ್ನಿ. ಕುದುರೆಗೆ ಅಲ್ಲ, ಹೆಲಿಕಾಪ್ಟರುಗಳಿಗೆ. ನನಗೆ ಒಂದು ಜೊತೆ ಕಣ್ಣು ಬೇಕಾಗಿದೆ” ಎಂದರು. ಅದು ಅಲಂಕಾರದ ಮಾತಲ್ಲ. ವಯಸ್ಸಿನ ರೋಗದಿಂದ ಅವರ ದೃಷ್ಟಿಯ ನಡುಭಾಗ ಮಾಸಿಹೋಗಿತ್ತು. ಅಂಚಿನಲ್ಲಿ ಆಕಾರಗಳು ಕಾಣುವುವು. ನೇರವಾಗಿ ನೋಡಿದ ವಸ್ತು ಮಾತ್ರ ಮಾಯವಾಗುವುದು. ಅಕ್ಷರಗಳನ್ನು ಓದುವಂತಿರಲಿಲ್ಲ. ಅವರ ಹವ್ಯಾಸವೆಲ್ಲ ನಿಂತದ್ದು ಅಕ್ಷರಗಳ ಮೇಲೆಯೇ.

ಉತ್ಸವದ ದಿನಗಳಲ್ಲಿ ಚೆಲ್ಟನ್‌ಹ್ಯಾಮಿನ ರಸ್ತೆಗಳು ಕಾರುಗಳಿಂದ ಕಟ್ಟಿಹೋಗುತ್ತವೆ. ಲಂಡನ್ನಿನಿಂದ ಅಲ್ಲಿಗೆ ಸುಮಾರು ನೂರು ಮೈಲಿ. ಹಣವುಳ್ಳವರು ಆ ದಾರಿಯನ್ನು ಗಾಳಿಯಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಸಿ ರೇಸಿನ ಬಯಲಿನಲ್ಲಿಯೇ ಇಳಿಯುತ್ತಾರೆ. ಕುದುರೆಗಳ ಒಡೆಯರು, ಅವರ ಅತಿಥಿಗಳು, ಸಮುದ್ರ ದಾಟಿ ಬರುವ ಐರ್ಲೆಂಡಿನವರು. ನಾವು ಇಳಿಯುವ ಬಯಲಿನ ಸಮೀಪದ ಕಾಲುದಾರಿಯಲ್ಲಿ ನಿಂತೆವು. ಆಗಲೇ ಅಲ್ಲಿ ಹತ್ತು ಹನ್ನೆರಡು ಮಂದಿ ಸೇರಿದ್ದರು: ಒಂದು ಕೈಯಲ್ಲಿ ದುರ್ಬೀನು, ಇನ್ನೊಂದರಲ್ಲಿ ಟಿಪ್ಪಣಿಯ ಪುಸ್ತಕ, ಕೊರಳಲ್ಲಿ ಉದ್ದ ಮೂತಿಯ ಕ್ಯಾಮರಾ, ಚೀಲದಲ್ಲಿ ಚಹದ ಫ್ಲಾಸ್ಕು. ಹಿರಿಯರು ಮೊದಲು ಮಾಡಿದ ಕೆಲಸವೆಂದರೆ ಒಂದು ಹಿಡಿ ಒಣ ಹುಲ್ಲನ್ನು ಕಿತ್ತು ಗಾಳಿಗೆ ತೂರಿದ್ದು. ಹೆಲಿಕಾಪ್ಟರ್ ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಇಳಿಯುತ್ತದೆ. ಗಾಳಿ ಬರುವ ದಿಕ್ಕು ತಿಳಿದರೆ ಅದು ಬರುವ ದಾರಿ ತಿಳಿಯಿತು. ಸೂರ್ಯ ನಮ್ಮ ಬೆನ್ನಿಗಿದ್ದರೆ ಚಿತ್ರವೂ ಬಂತು.

ಪ್ರತಿಯೊಂದು ವಿಮಾನಕ್ಕೂ ಅಕ್ಷರಗಳ ಒಂದು ಗುರುತುಂಟು. ಬ್ರಿಟನ್ನಿನದಾದರೆ ‘ಜಿ’ ಎಂದು ಮೊದಲಾಗಿ ಮತ್ತೆ ನಾಲ್ಕು ಅಕ್ಷರಗಳು. ಐರ್ಲೆಂಡಿನದಾದರೆ ಮೊದಲಿಗೆ ‘ಇಐ’. ನಮ್ಮ ದೇಶದ್ದು ‘ವಿಟಿ’. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಗುರುತು ಸಿಕ್ಕಿದರೆ ಯಂತ್ರದ ಹುಟ್ಟಿದ ವರ್ಷ, ಜಾತಿ, ಒಡೆತನ ಎಲ್ಲವೂ ಸಿಕ್ಕುತ್ತದೆ. ಆ ಗುರುತನ್ನು ಕಂಡು, ಗಂಟೆಯನ್ನು ನೋಡಿ, ಬರೆದುಕೊಳ್ಳುವುದೇ ಇವರ ಆಟ.

ಅಕ್ಷರ ಕಾಣದಿದ್ದರೂ ಹಿರಿಯರ ಕಿವಿ ಇನ್ನೂ ಚುರುಕಾಗಿತ್ತು. ದೂರದ ಮೋಡದ ಕೆಳಗೆ ಏನೋ ಮಿಡುಕಿದಂತಾಗುವಷ್ಟರಲ್ಲಿಯೇ ಅವರು ಜಾತಿಯನ್ನು ಹೇಳಿಬಿಡುತ್ತಿದ್ದರು. ಒಗೆಯುವ ಕಲ್ಲಿಗೆ ಬಟ್ಟೆ ಬಡಿದಂತೆ ಸದ್ದಾದರೆ ಎರಡು ರೆಕ್ಕೆಯದು, ಬೆಲ್ ಜೆಟ್‌ರೇಂಜರ್. ಬಾಲದ ಸಣ್ಣ ರೆಕ್ಕೆಗಳನ್ನು ಬಳೆಯಂಥ ಗೂಡಿನೊಳಗೆ ಅಡಗಿಸಿಕೊಂಡ ಇಸಿ-135ರ ಸದ್ದು ಬೇರೆ. ಒಂದೇ ಸ್ವರ ಕಿವಿಗೆ ಚುಚ್ಚದಿರಲೆಂದು ಆ ರೆಕ್ಕೆಗಳನ್ನು ಸಮಾನ ಅಂತರದಲ್ಲಿ ಇಟ್ಟಿಲ್ಲವಂತೆ. ಚಕ್ರಗಳನ್ನು ಹೊಟ್ಟೆಯೊಳಗೆ ಮಡಚಿಕೊಂಡು ಮೀನಿನಂತೆ ಜಾರಿ ಬರುವುದು ಇಟಲಿಯ ಅಗಸ್ಟಾ-109. ರಾಬಿನ್ಸನ್-44 ಎಂಬುದು ನಾಲ್ವರು ಕೂರುವ ಸಣ್ಣದು, ತಲೆಯ ಮೇಲೆ ಉದ್ದವಾದ ಕಂಬ. ಇನ್ನೂರಕ್ಕೂ ಮಿಕ್ಕ ಅಶ್ವಶಕ್ತಿಯ ಎಂಜಿನ್ನಿನದು. “ಬೇಲಿಯ ಆಚೆ ಓಡುವ ಕುದುರೆಗಳಿಗಿಂತ ಈಚೆ ಹಾರುವ ಕುದುರೆಗಳೇ ಹೆಚ್ಚು” ಎಂದು ಅವರು ನಕ್ಕರು.

ಆ ಮಾತಿಗೆ ನಾನೂ ಒಂದು ಮಾತು ಸೇರಿಸಿದೆ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ 1960ರ ದಶಕದಿಂದ ಫ್ರಾನ್ಸಿನ ಅಲುವೆಟ್ ಹೆಲಿಕಾಪ್ಟರನ್ನು ತಾನೇ ತಯಾರಿಸಿತು. ಅದಕ್ಕೆ ನಾವು ಇಟ್ಟ ಹೆಸರು ಚೇತಕ್. 1576ರ ಹಳದೀಘಾಟಿನ ಕಾಳಗದಲ್ಲಿ ರಾಣಾ ಪ್ರತಾಪನನ್ನು ಹೊತ್ತ ಕುದುರೆಯ ಹೆಸರದು. ಗಾಯಗೊಂಡರೂ ಒಡೆಯನನ್ನು ರಣದಿಂದ ಪಾರುಮಾಡಿ ಪ್ರಾಣಬಿಟ್ಟಿತೆಂದು ಕಥೆ ಎಂದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹೆಲಿಕಾಪ್ಟರ್ ಯಾತಕ್ಕೆ ಹುಟ್ಟಿತೆಂಬುದು ನಿಮ್ಮವರಿಗೆ ತಿಳಿದಿದೆ” ಎಂದರು. ಸಿಕಾರ್‌ಸ್ಕಿ 1939ರಲ್ಲಿ ತನ್ನ ಮೊದಲ ಯಶಸ್ವಿ ಹೆಲಿಕಾಪ್ಟರನ್ನು ನೆಲಕ್ಕೆ ಕಟ್ಟಿಹಾಕಿಕೊಂಡೇ, ಪಳಗದ ಮರಿಯನ್ನು ಎತ್ತಿ ನಿಲ್ಲಿಸುವಂತೆ, ಮೇಲಕ್ಕೆಬ್ಬಿಸಿದ್ದನ್ನು ಅವರೇ ಹೇಳಿದರು.

ನಮ್ಮ ಪಕ್ಕದಲ್ಲಿದ್ದ ಕ್ಯಾಮರಾದ ಹುಡುಗಿಯೊಬ್ಬಳು ಚಿತ್ರ ತೆಗೆಯುವ ಕಷ್ಟವನ್ನು ವಿವರಿಸಿದಳು. ಓಡುವ ಕುದುರೆಯನ್ನು ಹಿಡಿಯಬೇಕಾದರೆ ಕ್ಯಾಮರಾದ ಕಣ್ಣನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದರೆ ಸಾಕು. ಗೊರಸಿನಿಂದ ಸಿಡಿದ ಮಣ್ಣೂ ಗಾಳಿಯಲ್ಲಿ ನಿಲ್ಲುತ್ತದೆ. ಹೆಲಿಕಾಪ್ಟರಿಗೆ ಹಾಗೆ ಮಾಡಿದರೆ ಕೆಟ್ಟಿತು. ಸಣ್ಣ ಹೆಲಿಕಾಪ್ಟರಿನ ರೆಕ್ಕೆ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಅದು ಎರಡೂವರೆ ಡಿಗ್ರಿಯೂ ಸರಿಯದು. ಚಿತ್ರದಲ್ಲಿ ರೆಕ್ಕೆ ನಿಂತಿರುತ್ತದೆ, ಯಂತ್ರ ಆಕಾಶದಿಂದ ನೂಲಿನಲ್ಲಿ ತೂಗಿಬಿಟ್ಟ ಆಟಿಕೆಯಾಗುತ್ತದೆ. ಅರವತ್ತರಲ್ಲೊಂದು ಪಾಲು ತೆರೆದರೆ ರೆಕ್ಕೆ ಒಂದು ಸುತ್ತಿನ ಒಂಬತ್ತನೆಯ ಒಂದು ಪಾಲು ತಿರುಗಿ, ಚೆನ್ನಾಗಿ ಮಸುಕಾಗಿ, ಹಾರಾಟ ಹಾರಾಟವಾಗಿಯೇ ಕಾಣುತ್ತದೆ. ಆದರೆ ಅಷ್ಟು ಹೊತ್ತು ನಮ್ಮ ಕೈ ಅಲುಗಬಾರದು. ಯಂತ್ರದ ಓಟಕ್ಕೆ ಸಮನಾಗಿ ಮೈ ತಿರುಗಬೇಕು. ಅದು ಇಳಿದ ಮೇಲೆ ಹಿಂದಿನಿಂದ ತೆಗೆಯುವಂತಿಲ್ಲ. ಎಂಜಿನ್ನಿನ ಬಿಸಿಗಾಳಿಯಲ್ಲಿ ಅಕ್ಷರಗಳು ನೀರಿನಲ್ಲಿ ಬಿದ್ದಂತೆ ನಡುಗುತ್ತವೆ. ಇಳಿದವರು ಯಾರೆಂದು ಆಕೆ ನೋಡಲಿಲ್ಲ. ಜನ ಹೊರಬರುವಾಗ ಅಲ್ಲಿದ್ದವರಲ್ಲಿ ಬಹುಮಂದಿ ಕ್ಯಾಮರಾ ಕೆಳಗಿಳಿಸಿದುದನ್ನು ಗಮನಿಸಿದೆ. ಅದು ಅವರೊಳಗಿನ ಒಂದು ಮರ್ಯಾದೆ.

ನಾನು ಓದಿ ಹೇಳುವವನು, ಬರೆಯುವವನೂ ನಾನೇ. ಕೆಲಸ ಮೊದಲಾಗುವ ಮುನ್ನ ಹಿರಿಯರು ಒಂದೇ ಒಂದು ನಿಯಮ ಹೇಳಿದರು: “ಕಂಡದ್ದನ್ನು ಹೇಳಿ. ಕಾಣದ್ದನ್ನು ಕಾಣಲಿಲ್ಲವೆನ್ನಿ. ಊಹಿಸಬೇಡಿ.” ಅದು ಅವರ ತಂದೆಯ ಮಾತಂತೆ. ತಂದೆ ಎರಡನೆಯ ಮಹಾಯುದ್ಧದಲ್ಲಿ ಅಬ್ಸರ್ವರ್ ಕೋರ್ ಎಂಬ ಸ್ವಯಂಸೇವಕರ ದಳದಲ್ಲಿದ್ದವರು. ಬೆಟ್ಟದ ಮೇಲೆ ರಾತ್ರಿ ಹಗಲು ನಿಂತು, ಬರುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಕಣ್ಣಿನಿಂದ, ಕಿವಿಯಿಂದ ಗುರುತಿಸಿ ದೂರವಾಣಿಯಲ್ಲಿ ತಿಳಿಸುವುದು ಆ ದಳದ ಕೆಲಸ. 1940ರ ಸೇವೆಗಾಗಿ ಮರುವರ್ಷ ಅದಕ್ಕೆ ‘ರಾಯಲ್’ ಎಂಬ ಬಿರುದು ಬಂತು. ಅಲ್ಲಿ ಊಹೆ ಮಾಡಿದರೆ ತಮ್ಮವನ ಮೇಲೆಯೇ ಗುಂಡು ಹಾರಬಹುದಾಗಿತ್ತು.

ಇಂಥ ಜನರನ್ನು ಲೋಕ ಸಂಶಯದಿಂದಲೂ ನೋಡುತ್ತದೆ. ಲಾಭವಿಲ್ಲದೆ ಯಾರಾದರೂ ಇಷ್ಟು ಕಷ್ಟಪಡುವರೆ ಎಂಬುದು ನಮ್ಮ ಪ್ರಶ್ನೆ. 2001ರ ನವೆಂಬರಿನಲ್ಲಿ ಗ್ರೀಸಿನ ಕಲಮಾಟದಲ್ಲಿ ಹನ್ನೆರಡು ಮಂದಿ ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಹಿಡಿದರು. ಮರುವರ್ಷ ಶಿಕ್ಷೆಯೂ ಆಯಿತು, ಮೇಲ್ಮನವಿಯಲ್ಲಿ ಬಿಡುಗಡೆಯೂ ಆಯಿತು. 2010ರಲ್ಲಿ ನಮ್ಮ ದೆಹಲಿಯಲ್ಲಿಯೇ ವಿಮಾನ ನಿಲ್ದಾಣದ ಬಳಿಯ ಹೋಟೆಲಿನಿಂದ ವಿಮಾನಗಳನ್ನು ನೋಡುತ್ತಿದ್ದ ಇಬ್ಬರು ಬ್ರಿಟಿಷರು ಸೆರೆಯಾಗಿ, ಕಡೆಗೆ ದಂಡ ತೆತ್ತು ಊರು ಸೇರಿದರು.

ಆದರೆ ಇದೇ ಟಿಪ್ಪಣಿಗಳು ಒಮ್ಮೆ ಲೋಕದ ಸಾಕ್ಷಿಯಾದವು. 2001ರ ಸೆಪ್ಟೆಂಬರ್ ದಾಳಿಯ ಅನಂತರ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೆಲವರನ್ನು ಹಿಡಿದು, ಯಾವ ನ್ಯಾಯಾಲಯದ ಮುಂದೆಯೂ ತಾರದೆ, ಗುಟ್ಟಾಗಿ ದೇಶದಿಂದ ದೇಶಕ್ಕೆ ಸಾಗಿಸುತ್ತಿತ್ತು. ಸರಕಾರಗಳು ಬಾಯಿ ಬಿಡಲಿಲ್ಲ. ಪತ್ರಕರ್ತರು ಆ ವಿಮಾನಗಳ ಜಾಡು ಹಿಡಿದಾಗ ಅವರಿಗೆ ಒದಗಿದ ಸಾಕ್ಷ್ಯಗಳಲ್ಲಿ ಇಂಥ ಹವ್ಯಾಸಿಗಳು ತೆಗೆದ ಚಿತ್ರಗಳೂ ಬರೆದಿಟ್ಟ ಗುರುತುಗಳೂ ಇದ್ದವು. 2006ರಲ್ಲಿ ಯೂರೋಪ್ ಪರಿಷತ್ತಿನ ಪರವಾಗಿ ಡಿಕ್ ಮಾರ್ಟಿ ಈ ಕುರಿತು ವರದಿ ಒಪ್ಪಿಸಿದರು. ಚಿತ್ರ ತೆಗೆದವನಿಗೆ ಆ ವಿಮಾನದೊಳಗೆ ಯಾರಿದ್ದರೆಂದು ತಿಳಿದಿರಲಿಲ್ಲ. ಯಾರನ್ನಾದರೂ ಸಿಕ್ಕಿಸಬೇಕೆಂಬ ಉದ್ದೇಶವೂ ಅವನಿಗಿರಲಿಲ್ಲ. ಆದ್ದರಿಂದಲೇ ಅವನ ಬರಹಕ್ಕೆ ಬೆಲೆ ಬಂತು.

ಮೂರೂವರೆ ಗಂಟೆಗೆ ಗೋಲ್ಡ್ ಕಪ್ ಓಡಿತು. ಆ ಸಾವಿರಾರು ಕಂಠಗಳ ಮೊರೆತ ಒಂದು ಅಲೆಯಂತೆ ಎದ್ದು ನಮ್ಮ ತಲೆಯ ಮೇಲೆ ಹಾದುಹೋಯಿತು. ಗೆದ್ದ ಕುದುರೆಯ ಹೆಸರು ಆಲ್ ಬೂಮ್ ಫೋಟೊ ಎಂದು ತಿಳಿದಾಗ ಕ್ಯಾಮರಾ ಹಿಡಿದವರೆಲ್ಲ ನಕ್ಕರು. ಅದನ್ನು ಪಳಗಿಸಿದ ಐರ್ಲೆಂಡಿನ ವಿಲ್ಲಿ ಮಲ್ಲಿನ್ಸರಿಗೆ ಅದು ಮೊದಲ ಗೋಲ್ಡ್ ಕಪ್. ಅದೇ ಪಂದ್ಯದಲ್ಲಿ ಅವರದೇ ಲಾಯದ ಇನ್ವಿಟೇಷನ್ ಓನ್ಲಿ ಎಂಬ ಕುದುರೆ ಬೇಲಿಯಲ್ಲಿ ಬಿದ್ದು ಸತ್ತಿತು. ಆ ಸುದ್ದಿ ಹಿಂದಿನಿಂದ ಬಂತು. ಗೆಲುವಿನ ಮೊರೆತದಲ್ಲಿ ಅದು ನಮಗೆ ಕೇಳಿಸಿರಲಿಲ್ಲ.

ಸಂಜೆ ಯಂತ್ರಗಳು ಒಂದೊಂದಾಗಿ ಎದ್ದು ಹೋಗತೊಡಗಿದವು. ಕಡೆಕಡೆಗೆ ಎದ್ದದ್ದೊಂದು ನೇರವಾಗಿ ಇಳಿಬಿಸಿಲಿಗೆ ತಿರುಗಿತು. ‘ಜಿ’ ಕಂಡಿತು, ಆಮೇಲೆ ಎರಡು ಅಕ್ಷರ ಕಂಡವು. ಉಳಿದದ್ದು ಕಪ್ಪು ನೆರಳು. ಹುಡುಗಿಯ ಚಿತ್ರದಲ್ಲಿಯೂ ನೆರಳೇ. ಪಕ್ಕದವರೊಬ್ಬರು, “ಬೆಳಗ್ಗೆ ಬಂದ ನೀಲಿಯದೇ ಇರಬೇಕು, ಅದನ್ನೇ ಬರೆದುಕೊಳ್ಳಿ” ಎಂದರು. ಇರಬಹುದಾಗಿತ್ತು, ಮೊದಲ ಎರಡು ಅಕ್ಷರಗಳೂ ಹೊಂದುತ್ತಿದ್ದವು. ನಾನು ಕಂಡಷ್ಟನ್ನೇ ಹೇಳಿದೆ. ಹಿರಿಯರು, “ಎರಡು ಬರೆಯಿರಿ. ಉಳಿದ ಜಾಗ ಹಾಗೆಯೇ ಇರಲಿ” ಎಂದರು. ಆ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. ಅವರ ಅಕ್ಷರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಬಂದಿತ್ತು. ಖಾಲಿ ಬಿಟ್ಟ ಜಾಗಗಳೂ ಹೆಚ್ಚುತ್ತ ಬಂದಿದ್ದವು. ಕಣ್ಣು ಮಾಸಿದರೂ ಅವರು ಒಂದು ಖಾಲಿ ಜಾಗವನ್ನೂ ಊಹೆಯಿಂದ ತುಂಬಿರಲಿಲ್ಲ.

ಆ ದಿನ ಅಲ್ಲಿ ನೆರೆದ ಸಹಸ್ರಾರು ಜನ ಕುದುರೆಯನ್ನು ನೋಡಿದರು. ಆದರೆ ಅವರಲ್ಲಿ ಹಲವರು ತಾವು ಹಣ ಕಟ್ಟಿದ ಕುದುರೆಯನ್ನು ಮಾತ್ರ ನೋಡಿದರು. ಅದು ಮನುಷ್ಯಸ್ವಭಾವ, ರೇಸಿನ ಬಯಲಿನಲ್ಲಿ ಮಾತ್ರವಲ್ಲ, ರಾಜಕೀಯದಲ್ಲಿ, ಸಂಸಾರದಲ್ಲಿ, ಪತ್ರಿಕೆಯಲ್ಲಿ ಕೂಡ ನಾವು ನೋಡುವುದು ಬಹುಮಟ್ಟಿಗೆ ಹೀಗೆಯೇ. ಕಾಣದ ಎರಡು ಅಕ್ಷರಗಳನ್ನು ನಮಗೆ ಬೇಕಾದಂತೆ ತುಂಬಿಕೊಂಡು ಪೂರ್ತಿ ಕಂಡೆವೆಂದು ಹೇಳುತ್ತೇವೆ. ಯಾವ ಪಣವನ್ನೂ ಕಟ್ಟದೆ, ಚಳಿಗಾಳಿಯಲ್ಲಿ ನಿಂತು, ಕಂಡಷ್ಟನ್ನು ಬರೆದು ಕಾಣದ್ದಕ್ಕೆ ಜಾಗ ಬಿಡುವವರು ಊರಿಗೆ ನಾಲ್ಕು ಮಂದಿಯಾದರೂ ಇರಲಿ.