ಹೊಟೇಲಿನ ಕೋಣೆಯಲ್ಲಿ ಜನಿಸಿದ ನಾಟಕಕಾರ

ಅಮೇರಿಕೆಯ ರಂಗಭೂಮಿಯಲ್ಲಿ ವಾಸ್ತವ ಜೀವನಕ್ಕೆ ಸ್ಥಾನ ದೊರಕಿಸಿದವರಲ್ಲಿ ಅಗ್ರಗಣ್ಯರಾದ ಯೂಜೀನ್ ಓನೀಲರು 1888ರ ಅಕ್ಟೋಬರ್ 16ರಂದು ಜನಿಸಿದ್ದು ನ್ಯೂಯಾರ್ಕಿನ ಒಂದು ಹೊಟೇಲಿನ ಕೋಣೆಯಲ್ಲಿ. 1953ರ ನವೆಂಬರ್ 27ರಂದು ಕಣ್ಮುಚ್ಚಿದ್ದು ಬೋಸ್ಟನ್ನಿನ ಇನ್ನೊಂದು ಹೊಟೇಲಿನ ಕೋಣೆಯಲ್ಲಿ. ಹೊಟೇಲಿನಲ್ಲೇ ಅನ್ನ ಕಂಡುಕೊಂಡ ನಮ್ಮ ವಾಚಕರು ಇವರ ಚರಿತ್ರೆಯನ್ನು ಅವಶ್ಯವಾಗಿ ಅರಿಯಬೇಕು.

ತಂದೆ ಜೇಮ್ಸ್ ಓನೀಲ್ ಪ್ರಖ್ಯಾತ ನಟರು. ‘ಮಾಂಟೆ ಕ್ರಿಸ್ಟೊ’ ನಾಟಕದ ಒಂದೇ ಪಾತ್ರವನ್ನು ಊರೂರು ಅಲೆದು ಸಾವಿರಾರು ಸಲ ಅಭಿನಯಿಸಿದರು. ಆ ಆರ್ಭಟದ ನಾಟಕಗಳು ಮಗನಿಗೆ ರುಚಿಸಲಿಲ್ಲ. ಕಾಲೇಜು ಬಿಟ್ಟು, ಹೊಂಡುರಾಸಿನಲ್ಲಿ ಚಿನ್ನ ಹುಡುಕಿ, ಹಡಗಿನಲ್ಲಿ ಖಲಾಸಿಯಾಗಿ ದುಡಿದು, ಕೊನೆಗೆ ನ್ಯೂಯಾರ್ಕಿನ ಅಗ್ಗದ ಹೆಂಡದಂಗಡಿಯ ಮಾಳಿಗೆಯಲ್ಲಿ ವಾಸಿಸಿದರು. 1912ರಲ್ಲಿ ಕ್ಷಯರೋಗ ತಗಲಿ ಆರೋಗ್ಯಧಾಮ ಸೇರಿದಾಗ, ಅಲ್ಲಿ ನಾಟಕ ಬರೆಯುವ ಸಂಕಲ್ಪ ಮಾಡಿದರು.

1916ರಲ್ಲಿ ಪ್ರಾವಿನ್ಸ್‌ಟೌನಿನ ಹಳೆಯ ಮೀನುಗಾರಿಕೆಯ ಕಟ್ಟೆಯ ಮೇಲೆ ಅವರ ‘ಬೌಂಡ್ ಈಸ್ಟ್ ಫಾರ್ ಕಾರ್ಡಿಫ್’ ಪ್ರದರ್ಶಿತವಾಯಿತು. ಅದರಲ್ಲಿ ರಾಜನಿಲ್ಲ, ವೀರನಿಲ್ಲ. ಹಡಗಿನಲ್ಲಿ ಸಾಯುತ್ತಿರುವ ಖಲಾಸಿಯೊಬ್ಬನು, ಸಮುದ್ರದಿಂದ ದೂರದಲ್ಲಿ ತನ್ನದೊಂದು ಹೊಲ ಮಾಡಿಕೊಂಡಿರುವ ಆಸೆಯಿತ್ತೆಂದು ಗೆಳೆಯನಿಗೆ ಹೇಳುತ್ತಾನೆ, ಅಷ್ಟೇ. ‘ಮುಂದಿನ ವರ್ಷ ಊರಿಗೆ ಮರಳಿ ಗದ್ದೆ ಮಾಡುತ್ತೇನೆ’ ಎನ್ನುತ್ತ ಅಡಿಗೆಯ ಒಲೆಯ ಮುಂದೆ ಇಪ್ಪತ್ತು ವರ್ಷ ಕಳೆದವರನ್ನು ನಾವು ಬಲ್ಲೆವು. ಅಂಥವನ ಮಾತು ನಾಟಕವಾಗಬಲ್ಲದೆಂದು ಓನೀಲರು ತೋರಿಸಿಕೊಟ್ಟರು.

ಅವರಿಗೆ ನಾಲ್ಕು ಸಲ ಪುಲಿಟ್ಜರ್ ಬಹುಮಾನವೂ 1936ರ ನೊಬೆಲ್ ಪಾರಿತೋಷಕವೂ ಸಂದವು. ಆದರೂ ಅವರು ಮಾಳಿಗೆಯ ಸಂಗಡಿಗರನ್ನು ಮರೆಯಲಿಲ್ಲ. 1939ರಲ್ಲಿ ಬರೆದ ‘ದಿ ಐಸ್‌ಮನ್ ಕಮೆತ್’ ನಾಟಕದ ಕುಡುಕರೆಲ್ಲರೂ ‘ನಾಳೆ’ ಎಂಬ ಆಸೆಯಿಂದ ಬದುಕಿದವರು. ಹಿಕಿ ಎಂಬಾತನು ಆ ಭ್ರಮೆಯನ್ನು ಬಿಡಿಸಹೊರಡುತ್ತಾನೆ. ಅವನ ಒತ್ತಾಯಕ್ಕೆ ಹೊರಗೆ ಹೋದವರು ಸೋತು ಹಿಂತಿರುಗುತ್ತಾರೆ.

ತಂದೆಯ ಜಿಪುಣತನ, ತಾಯಿಯ ಮಾರ್ಫಿನ್ ಚಟ, ಅಣ್ಣನ ಕುಡಿತ, ತನ್ನ ರೋಗ—ಇವೆಲ್ಲವನ್ನೂ ‘ಲಾಂಗ್ ಡೇಸ್ ಜರ್ನಿ ಇಂಟು ನೈಟ್’ ನಾಟಕದಲ್ಲಿ 1941ರ ಹೊತ್ತಿಗೆ ಬರೆದು ಮುಗಿಸಿದರು. ಮುಂದೆ ಕೈನಡುಕದಿಂದ ಲೇಖನಿ ಹಿಡಿಯುವುದೇ ಅಶಕ್ಯವಾಯಿತು. ಅವರ ಮರಣಾನಂತರ, 1956ರಲ್ಲಿ, ಆ ನಾಟಕವು ಸ್ಟಾಕ್‌ಹೋಮಿನಲ್ಲಿ ರಂಗವೇರಿತು.

ಮನೆಯ ಗುಟ್ಟನ್ನು ಮುಚ್ಚಿಡುವುದೇ ಮಾನವೆಂದು ನಾವು ತಿಳಿದಿದ್ದೇವೆ. ಓನೀಲರು ತಮ್ಮವರ ಗುಟ್ಟನ್ನು ಹೇಳಿದರು, ಆದರೆ ಅವರಲ್ಲಿ ಯಾರನ್ನೂ ಹೀನಾಯವಾಗಿ ಕಾಣಲಿಲ್ಲ. ‘ನಾಳೆ’ ಎನ್ನುವ ಸಹೋದ್ಯೋಗಿಯನ್ನು ನಾವು ಪರಿಹಾಸ್ಯ ಮಾಡುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.