ಆಲ್ಟರ್ನೇಟರ್ ಪುಲ್ಲಿ: ಬಿಡಿಸುವ ಮುನ್ನ ತಿಳಿಯಬೇಕಾದದ್ದು

ಅಂಕೋಲೆಯಿಂದ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರಗಳ ಮೂಲಕ ಉತ್ತರಕ್ಕೆ ಸಾಗುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಛತ್ರಪತಿ ಸಂಭಾಜಿನಗರವನ್ನು ಹಾದುಹೋಗುತ್ತದೆ. 2023ರಲ್ಲಿ ಈ ಹೆಸರನ್ನು ಪಡೆದ ಹಿಂದಿನ ಔರಂಗಾಬಾದ್ ನಗರವೂ ಅದರ ಪಶ್ಚಿಮಕ್ಕಿರುವ ನಾಸಿಕವೂ ಮೋಟಾರು ಉದ್ಯಮದ ನೆಲೆಗಳು. ಮಹೀಂದ್ರ ಸಂಸ್ಥೆಯ ಬೊಲೆರೊ, ಸ್ಕಾರ್ಪಿಯೊ ವಾಹನಗಳು ನಾಸಿಕದ ಕಾರ್ಖಾನೆಯಲ್ಲಿ ತಯಾರಾದವು; ಸಂಭಾಜಿನಗರದ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ 2001ರಿಂದ ಸ್ಕೋಡಾ ಆಕ್ಟೇವಿಯಾ ಕಾರುಗಳ ಜೋಡಣೆ ನಡೆಯಿತು. ಇಂಥ ಹಳೆಯ ವಾಹನಗಳನ್ನು ಕೊಂಡವರು ಸಣ್ಣಪುಟ್ಟ ದುರಸ್ತಿಯನ್ನು ಮನೆಯಂಗಳದಲ್ಲಿಯೇ ಮಾಡಿಕೊಳ್ಳುವುದುಂಟು. ಆ ಕೆಲಸಗಳ ಪೈಕಿ ಹೊರನೋಟಕ್ಕೆ ಸುಲಭವೆನಿಸಿ, ಕೈಹಾಕಿದ ಮೇಲೆ ಹಟ ಹಿಡಿಯುವುದು ಆಲ್ಟರ್ನೇಟರ್‌ನ ಪುಲ್ಲಿಯನ್ನು ಕಳಚುವ ಕೆಲಸ.

ಎಂಜಿನ್ನಿನ ಶಕ್ತಿಯ ಅಲ್ಪಾಂಶವನ್ನು ಬೆಲ್ಟಿನ ಮೂಲಕ ಪಡೆದು ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವೇ ಆಲ್ಟರ್ನೇಟರ್. ಎಂಜಿನ್ ಒಂದು ಸುತ್ತು ತಿರುಗಿದಾಗ ಇದರ ರೋಟರ್ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸುತ್ತು ತಿರುಗುತ್ತದೆ. ಇಷ್ಟು ವೇಗದಲ್ಲಿ ಸಡಿಲಗೊಳ್ಳದಿರಲೆಂದೇ ಪುಲ್ಲಿಯನ್ನು ಬಹಳ ಬಿಗಿಯಾಗಿ ಕೂರಿಸಿರುತ್ತಾರೆ. ವರ್ಷಗಳ ತುಕ್ಕು, ಧೂಳು, ಎಂಜಿನ್ನಿನ ಶಾಖ ಇವು ಆ ಬಿಗಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಆದರೆ ಪುಲ್ಲಿ ಬಾರದಿರುವುದಕ್ಕೆ ತುಕ್ಕೇ ಯಾವಾಗಲೂ ಕಾರಣವಲ್ಲ. ಅದು ಯಾವ ಬಗೆಯದೆಂದು ಅರಿಯದೆ ವಿರುದ್ಧ ದಿಕ್ಕಿಗೆ ತಿರುಗಿಸುತ್ತಿರುವುದೂ ಕಾರಣವಾಗಿರಬಹುದು.

ಪುಲ್ಲಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಗಟ್ಟಿ ಪುಲ್ಲಿ. ಶಾಫ್ಟಿನ ತುದಿಯಲ್ಲಿ ಎದ್ದುಕಾಣುವ ದೊಡ್ಡ ನಟ್ ಇದನ್ನು ಒತ್ತಿ ಹಿಡಿದಿರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನೊಡನೆ ಪುಲ್ಲಿ, ಶಾಫ್ಟು, ರೋಟರ್ ಎಲ್ಲವೂ ತಿರುಗಿಬಿಡುತ್ತವೆ. ಆದುದರಿಂದ ಶಾಫ್ಟನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ಅನೇಕ ಆಲ್ಟರ್ನೇಟರ್‌ಗಳಲ್ಲಿ ಇದಕ್ಕಾಗಿಯೇ ಶಾಫ್ಟಿನ ತುದಿಯಲ್ಲಿ ಆಲನ್ ಕೀ ಕೂರುವ ಷಟ್ಕೋನದ ಕುಳಿ ಇರುತ್ತದೆ. ಅದು ಇಲ್ಲದಿದ್ದಲ್ಲಿ ಹಳೆಯ ಬೆಲ್ಟಿನ ತುಂಡನ್ನು ಪುಲ್ಲಿಗೆ ಸುತ್ತಿ, ಬೆಲ್ಟಿನ ಮೇಲಿಂದ ವೈಸ್‌ನಲ್ಲಿ ಹಿಡಿಸುವುದು ಗ್ಯಾರೇಜುಗಳಲ್ಲಿ ರೂಢಿಯಲ್ಲಿರುವ ಉತ್ತಮ ಉಪಾಯ. ಇಂಪ್ಯಾಕ್ಟ್ ಗನ್ ದೊರೆತರೆ ಕೆಲಸ ಇನ್ನೂ ಸುಲಭ. ಅದರ ಹೊಡೆತಗಳು ಕ್ಷಣಮಾತ್ರದವಾದುದರಿಂದ ರೋಟರಿನ ಜಡತ್ವವೇ ಶಾಫ್ಟನ್ನು ತಡೆದು ನಿಲ್ಲಿಸಲು ಬಹುತೇಕ ಸಾಕಾಗುತ್ತದೆ.

ಎರಡನೆಯ ಬಗೆಯದು ಒಮ್ಮುಖ ಪುಲ್ಲಿ. ಡೀಸೆಲ್ ಎಂಜಿನ್ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿಯೊಂದು ಸಿಲಿಂಡರ್ ಉರಿದಾಗಲೂ ವೇಗ ಏರಿ ಮತ್ತೆ ಇಳಿಯುತ್ತದೆ. ಭಾರವಾದ ರೋಟರ್ ಈ ಏರಿಳಿತವನ್ನು ಅನುಸರಿಸಲಾರದೆ ಬೆಲ್ಟನ್ನು ಜಗ್ಗುತ್ತದೆ. ಇದನ್ನು ನಿವಾರಿಸಲು ಸೈಕಲ್ಲಿನ ಫ್ರೀವೀಲ್‌ನಂತೆ ಒಂದು ದಿಕ್ಕಿನಲ್ಲಿ ಹಿಡಿದು, ಇನ್ನೊಂದು ದಿಕ್ಕಿನಲ್ಲಿ ಬಿಟ್ಟುಕೊಡುವ ಪುಲ್ಲಿಯನ್ನು ಅಳವಡಿಸುತ್ತಾರೆ. ಆಕ್ಟೇವಿಯಾದ 1.9 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಇಂಥದೇ ಪುಲ್ಲಿ ಕಂಡುಬರುತ್ತದೆ. ಇದಕ್ಕೆ ಹೊರಗೆ ನಟ್ ಇರುವುದಿಲ್ಲ. ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದರೆ ಒಳಗೆ ಸಣ್ಣ ಹಲ್ಲುಗಳ ಒಂದು ಉಂಗುರವೂ, ಅದರ ನಡುವೆ ಶಾಫ್ಟಿನ ತುದಿಯೂ ಕಾಣುತ್ತವೆ. ಪುಲ್ಲಿಯ ಒಳಭಾಗವೇ ಮರೆಯುಳ್ಳ ನಟ್ಟಿನಂತೆ ಶಾಫ್ಟಿನ ಮೇಲೆ ತಿರುಚಿ ಕುಳಿತಿರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಯೇ. ನಡುವೆ ಕಾಣುವುದನ್ನು ಬೋಲ್ಟ್ ಎಂದು ಭಾವಿಸಿ ಎಡಕ್ಕೆ ತಿರುಗಿಸಿದರೆ ಪುಲ್ಲಿ ಸಡಿಲವಾಗುವ ಬದಲು ಮತ್ತಷ್ಟು ಬಿಗಿಯಾಗುತ್ತದೆ. ಅದು ಬೋಲ್ಟ್ ಅಲ್ಲ, ಶಾಫ್ಟೇ ಆಗಿದೆ. ಸಾಮಾನ್ಯವಾದ ಬಲಮರೆಯ ಪುಲ್ಲಿಯಲ್ಲಿ ನಡುವಣ ಶಾಫ್ಟನ್ನು ಅಲುಗದಂತೆ ಹಿಡಿದು, ಹಲ್ಲಿನ ಉಂಗುರವನ್ನು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ತಿರುಗಿಸತಕ್ಕದ್ದು. ಹೊರ ಅಂಚನ್ನು ವೈಸ್‌ನಲ್ಲಿ ಹಿಡಿದು ಬಿಚ್ಚುವ ಪ್ರಯತ್ನವೂ ವ್ಯರ್ಥ. ಬಿಚ್ಚಬೇಕಾದ ದಿಕ್ಕೇ ಈ ಪುಲ್ಲಿ ಬಿಟ್ಟುಕೊಡುವ ದಿಕ್ಕಾದುದರಿಂದ ಒಳಭಾಗ ಬರಿದೇ ಸುತ್ತುತ್ತಿರುತ್ತದೆ. ಆ ಕಾರಣ 33 ಹಲ್ಲುಗಳ ವಿಶೇಷ ಸಾಕೆಟ್ ಮತ್ತು ಶಾಫ್ಟಿನ ಕುಳಿಗೆ ಹೊಂದುವ ಬಿಟ್ ಎರಡೂ ಇಲ್ಲದೆ ಕೆಲಸವನ್ನು ಆರಂಭಿಸಬಾರದು. ಕೆಲವು ಮಾದರಿಗಳಲ್ಲಿ ಹಲ್ಲಿನ ಲೆಕ್ಕವೂ ಮರೆಯ ದಿಕ್ಕೂ ಬೇರೆಯಾಗಿರಬಹುದಾದ್ದರಿಂದ ವಾಹನದ ಕೈಪಿಡಿಯನ್ನು ನೋಡುವುದು ಅವಶ್ಯಕ.

ಕೆಲಸಕ್ಕೆ ತೊಡಗುವ ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಡ್ಡಾಯವಾಗಿ ಕಳಚಿಡಬೇಕು. ಆಲ್ಟರ್ನೇಟರ್‌ನ ಹಿಂಬದಿಯ ದಪ್ಪ ತಂತಿಯಲ್ಲಿ ಕಾರು ನಿಂತಿರುವಾಗಲೂ ವಿದ್ಯುತ್ ಇರುತ್ತದೆ. ಸ್ಪ್ಯಾನರ್ ಅದಕ್ಕೂ ಎಂಜಿನ್ನಿನ ಲೋಹಕ್ಕೂ ಒಟ್ಟಿಗೆ ತಗುಲಿದರೆ ಕೈ ಸುಡುವುದಲ್ಲದೆ ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಉಂಟು. ತುಕ್ಕು ಬಿಡಿಸುವ ಎಣ್ಣೆಯನ್ನು ಹನಿ ಹನಿಯಾಗಿ ಮರೆಗೆ ಮಾತ್ರ ಬಿಟ್ಟು, ಸಾಧ್ಯವಾದರೆ ರಾತ್ರಿಯಿಡೀ ನೆನೆಯಗೊಡಬೇಕು. ಒಮ್ಮುಖ ಪುಲ್ಲಿಯನ್ನು ಮತ್ತೆ ಬಳಸುವುದಾದರೆ ಎಣ್ಣೆಯು ಅದರ ಒಳಗಿನ ಗ್ರೀಸನ್ನು ತೊಳೆದುಹಾಕದಂತೆ ಎಚ್ಚರ ವಹಿಸಬೇಕು.

ಸುತ್ತಿಗೆಯನ್ನಂತೂ ದೂರವಿಡುವುದೇ ಲೇಸು. ಶಾಫ್ಟಿನ ತುದಿಗೆ ಬಿದ್ದ ಪೆಟ್ಟು ನೇರವಾಗಿ ಬೇರಿಂಗಿನ ಗುಂಡುಗಳಿಗೆ ತಲಪುತ್ತದೆ. ಆ ಹೊತ್ತಿಗೆ ಏನೂ ಕಾಣದಿದ್ದರೂ ಕೆಲವು ದಿನಗಳ ಬಳಿಕ ಗುರುಗುಟ್ಟುವ ಸದ್ದು ಆರಂಭವಾಗಬಹುದು. ರೋಟರನ್ನು ತಡೆಯಲು ಫ್ಯಾನಿನ ಎಲೆಗಳ ನಡುವೆ ಸ್ಕ್ರೂಡ್ರೈವರ್ ತುರುಕಿದರೆ ಎಲೆ ಮುರಿಯುತ್ತದೆ, ಇಲ್ಲವೆ ತಾಮ್ರದ ಸುರುಳಿಯ ಲೇಪ ಹರಿಯುತ್ತದೆ. ಗ್ಯಾಸಿನ ಜ್ವಾಲೆಯಿಂದ ಕಾಯಿಸಿದರೆ ಬೇರಿಂಗಿನ ಗ್ರೀಸ್ ಕರಗಿ ಹೋಗುತ್ತದೆ. ಒಂದು ಪುಲ್ಲಿಯನ್ನು ಉಳಿಸಹೋಗಿ ಇಡೀ ಆಲ್ಟರ್ನೇಟರನ್ನೇ ಕಳೆದುಕೊಳ್ಳುವುದು ಹೀಗೆಯೇ. ನಟ್ ತೆಗೆದ ನಂತರವೂ ಗಟ್ಟಿ ಪುಲ್ಲಿ ಕಚ್ಚಿಕೊಂಡಿದ್ದರೆ ಮಾತ್ರ ಪುಲ್ಲರ್ ಬಳಸಬಹುದು. ಒಮ್ಮುಖ ಪುಲ್ಲಿಗೆ ಪುಲ್ಲರ್ ಹಾಕಿದರೆ ಮರೆಯೇ ಕಿತ್ತುಬರುತ್ತದೆ.

ಬಿಟ್ಟಿನ ಹಲ್ಲು ಜಾರತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಆಲ್ಟರ್ನೇಟರನ್ನು ಕಳಚಿ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಒಯ್ಯುವುದು ಜಾಣತನ. ಕುಳಿ ಸವೆದುಹೋದ ಮೇಲೆ ಒಯ್ದರೆ ಅವರಿಗೂ ಹಿಡಿತ ಸಿಗುವುದು ಕಷ್ಟ.

ಮರಳಿ ಜೋಡಿಸುವಾಗ ಮರೆಯನ್ನು ಶುಚಿಗೊಳಿಸಿ, ಕೈಪಿಡಿಯಲ್ಲಿ ಹೇಳಿರುವಷ್ಟೇ ಬಿಗಿಯನ್ನು ಟಾರ್ಕ್ ರೆಂಚ್‌ನಿಂದ ಕೊಡತಕ್ಕದ್ದು. ಒಮ್ಮುಖ ಪುಲ್ಲಿಯ ಪ್ಲಾಸ್ಟಿಕ್ ಮುಚ್ಚಳವನ್ನು ಮರೆಯದೆ ಹಾಕಬೇಕು. ಅದಿಲ್ಲದಿದ್ದರೆ ಧೂಳು, ನೀರು ಒಳಸೇರಿ ಹೊಸ ಪುಲ್ಲಿಯೂ ಬೇಗನೆ ಕೆಡುತ್ತದೆ. ಎಂಜಿನ್ ಚಾಲೂ ಮಾಡಿದಾಗ ಬೆಲ್ಟ್ ಅಲುಗಾಡದೆ ಓಡುತ್ತಿದ್ದು, ಬ್ಯಾಟರಿಯ ತುದಿಗಳಲ್ಲಿ ಮೀಟರ್ ಸುಮಾರು 13.8ರಿಂದ 14.5 ವೋಲ್ಟ್ ತೋರಿಸಿದರೆ ಚಾರ್ಜಿಂಗ್ ಸರಿಯಾಗಿ ನಡೆದಿದೆಯೆಂದು ತಿಳಿಯಬಹುದು.