ವ್ಯಕ್ತಿತ್ವ ವಿಕಾಸವೂ ವ್ಯಾಪಾರದ ಯಶಸ್ಸೂ

ವಿರಾಜಪೇಟೆಯಿಂದ ಕೇರಳದತ್ತ ಇಳಿಯುವ ಘಟ್ಟದ ರಸ್ತೆಯು ಮಾಕುಟ್ಟದ ದಟ್ಟ ಅರಣ್ಯವನ್ನು ಹಾದುಹೋಗುತ್ತದೆ. ಈ ಘಟ್ಟದ ಮೇಲಣ ಕಾಫಿ ಬೆಳೆಗಾರರ ಅನುಭವವು ವ್ಯಾಪಾರಕ್ಕೂ ವ್ಯಕ್ತಿತ್ವಕ್ಕೂ ಇರುವ ನಂಟನ್ನು ಚೆನ್ನಾಗಿ ತಿಳಿಸುತ್ತದೆ.

1942ರ ಕಾಯಿದೆಯ ಮೇರೆಗೆ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮಾರಾಟದ ಹೊಣೆ ಮಂಡಳಿಯದು; ಹಣವು ಕಂತುಕಂತಾಗಿ ಕೈಸೇರುತ್ತಿತ್ತು. ಬೆಳೆಯಬಲ್ಲವನಿಗೆ ಮಾರುವುದನ್ನು ಕಲಿಯುವ ಪ್ರಸಂಗವೇ ಬರಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟವು ಸಂಪೂರ್ಣ ಮುಕ್ತವಾಯಿತು. ಸ್ವಾತಂತ್ರ್ಯದೊಡನೆ ಅಪಾಯವೂ ಬಂದಿತು. ವಿಯೆಟ್ನಾಮಿನ ಬೆಳೆ ಹೆಚ್ಚಿ, 2001ರ ವೇಳೆಗೆ ಜಗತ್ತಿನ ಬೆಲೆ ಕುಸಿದಾಗ ಸಾಲ ಮಾಡಿದ್ದ ಅನೇಕರು ಸಂಕಟಕ್ಕೀಡಾದರು.

ಪೇಟೆಯ ಬೆಲೆ ಬೆಳೆಗಾರನ ಅಧೀನದಲ್ಲಿಲ್ಲ. ಅವನ ನಡತೆ ಅವನ ಅಧೀನದಲ್ಲಿದೆ. ಹಣ್ಣಾದುದನ್ನಷ್ಟೇ ಕೊಯ್ಯಿಸುವ ತಾಳ್ಮೆ, ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇಕಡ 10ಕ್ಕೆ ಇಳಿಯುವವರೆಗೆ ಕಣದಲ್ಲಿ ಒಣಗಿಸುವ ಶ್ರದ್ಧೆ, ಎಕರೆವಾರು ಖರ್ಚನ್ನು ಬರೆದಿಡುವ ಶಿಸ್ತು, ಏರಿದ ಬೆಲೆ ಇನ್ನೂ ಏರೀತೆಂಬ ಆಸೆಗೆ ಕಡಿವಾಣ, ಕೊಳ್ಳುವವನಿಗೆ ಕೊಟ್ಟ ಮಾತಿನ ಪಾಲನೆ – ಇವೇ ವ್ಯಾಪಾರದ ನಿಜವಾದ ಮೂಲಧನ. ಈ ಗುಣಗಳು ಬೆಲೆಯನ್ನು ಏರಿಸಲಾರವು. ಆದರೆ ಬೆಲೆ ಬಿದ್ದ ವರ್ಷವನ್ನು ದಾಟಿಸಬಲ್ಲವು, ಏರಿದ ವರ್ಷದ ಲಾಭವನ್ನು ಉಳಿಸಬಲ್ಲವು.

ಲೆಕ್ಕವನ್ನು ತಪ್ಪಿಲ್ಲದೆ ಬರೆಯುವ, ತಪ್ಪಾದರೆ ಮರೆಮಾಚದೆ ತಿದ್ದಿಕೊಳ್ಳುವ ಅಭ್ಯಾಸವನ್ನು ಪೇಟೆಯಲ್ಲಿ ಕಲಿಯಹೊರಟರೆ ಬಹಳ ಬೆಲೆ ತೆರಬೇಕಾಗುತ್ತದೆ. ಅದು ಶಾಲೆಯ ಕರಿಹಲಗೆಯ ಮುಂದೆಯೇ ಮೊದಲಾಗಬೇಕು.